ಚರಂಡಿಬಾಯಿಯ ಶೋಧಕ ಬುಟ್ಟಿ: ಒಂದು ಮಳೆಗಾಲ ಬಳಸಿ ನೋಡಿದ ಮೇಲೆ

ಮುಂಬಯಿಯ ಮುಲುಂಡ್ ಪೂರ್ವದ ನಮ್ಮ ವಸತಿ ಸೊಸೈಟಿಯ ಅಂಗಳದಲ್ಲಿ ಮಳೆನೀರು ಇಳಿಯುವ ಮೂರು ಚರಂಡಿಬಾಯಿಗಳಿದ್ದು, ಕಳೆದ ಮೇ ತಿಂಗಳ ಕೊನೆಯಲ್ಲಿ ಮೂರಕ್ಕೂ ಶೋಧಕ ಬುಟ್ಟಿಗಳನ್ನು ಹಾಕಿಸಿದೆವು. ಕಬ್ಬಿಣದ ಜಾಲರಿಯ ಕೆಳಗೆ ತೂಗುವ ಸ್ಟೀಲಿನ ಬುಟ್ಟಿ, ಅದರೊಳಗೆ ಜಿಯೋಟೆಕ್ಸ್‌ಟೈಲ್ (ನೀರು ಸೋಸುವ ಕೃತಕ ನಾರಿನ ಬಟ್ಟೆ) ಚೀಲ, ಚೀಲದಲ್ಲಿ ನೀರನ್ನು ಬಿಟ್ಟು ಎಣ್ಣೆಯನ್ನಷ್ಟೇ ಹೀರುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ದಿಂಬು. ಇಷ್ಟೇ ಇದರ ಅಂಗಗಳು. ಮಾರಿದವರು ಇದನ್ನು ಖಾಡಿ (ನೆಲದೊಳಕ್ಕೆ ಚಾಚಿದ ಸಮುದ್ರದ ತೋಳು) ಉಳಿಸುವ ಸಾಧನವೆಂದು ಬಣ್ಣಿಸಿದ್ದರು.

ಮುಂಬಯಿಯಲ್ಲಿ ರಸ್ತೆಯ ಮಳೆನೀರು ಶುದ್ಧೀಕರಣ ಘಟಕಕ್ಕೆ ಹೋಗದೆ ನೇರವಾಗಿ ನಾಲಾ ಸೇರುತ್ತದೆ. ನಮ್ಮ ಕಡೆಯ ನೀರು ಮುಟ್ಟುವುದು ಫ್ಲೆಮಿಂಗೊಗಳು ಬರುವ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಠಾಣೆ ಖಾಡಿಯನ್ನು. ಅಕ್ಟೋಬರ್‌ನಿಂದ ಮೇವರೆಗೆ ನೆಲದ ಮೇಲೆ ಕೂತ ಟೈರಿನ ಪುಡಿ, ಬ್ರೇಕಿನಿಂದ ಉದುರಿದ ತಾಮ್ರದ ಧೂಳು, ಹೊಗೆಯ ಮಸಿ, ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆ ಇವೆಲ್ಲ ಮೊದಲ ಮಳೆಗಳಲ್ಲೇ ಬಹುಪಾಲು ತೊಳೆದು ಹೋಗುತ್ತವೆ. ಆದ್ದರಿಂದ ಈ ಬುಟ್ಟಿಯ ನಿಜವಾದ ಕೆಲಸ ಜೂನ್ ತಿಂಗಳದ್ದು.

ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಮೊದಲ ಮಳೆಯ ಮರುದಿನ ಎತ್ತಿ ನೋಡಿದಾಗ, ಗುಲ್‌ಮೊಹರ್ ಎಸಳು ಮತ್ತು ಗುಟ್ಕಾ ಚೀಟಿಗಳ ಅಡಿಯಲ್ಲಿ ಚಹಾಪುಡಿಯಂಥ ಕಪ್ಪು ಮರಳು ಗೇಣುದ್ದ ತುಂಬಿತ್ತು. ಬಿಳಿಯ ದಿಂಬು ಕಂದಾಗಿ ಪೆಟ್ರೋಲ್ ಪಂಪಿನ ವಾಸನೆ ಹೊಡೆಯುತ್ತಿತ್ತು. ಮಾಲಿ ಆ ಮರಳನ್ನು ಹೂಕುಂಡಗಳಿಗೆ ಹಾಕಲು ಹೊರಟಿದ್ದರು, ತಡೆಯಬೇಕಾಯಿತು.

ಆದರೆ ಕಣ್ಣಿಗೆ ಕಂಡ ಈ ಮರಳು ಕಥೆಯ ಸಣ್ಣ ಭಾಗ. ಅಮೆರಿಕದಲ್ಲಿ 1972ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರ ಪ್ರಕಾರ, ರಸ್ತೆಯ ಕಸದಲ್ಲಿ 43 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಕಣಗಳ ತೂಕ ಶೇಕಡಾ 6ರಷ್ಟಿದ್ದರೂ ತಾಮ್ರ, ಸತುವಿನಂಥ ಭಾರಲೋಹಗಳ ಅರ್ಧಕ್ಕಿಂತ ಹೆಚ್ಚು ಪಾಲು ಅವುಗಳಲ್ಲೇ ಇರುತ್ತದೆ. ಅಂಥ ನುಣುಪು ಧೂಳಿನ ಬಹುಭಾಗವೂ ನೀರಿನಲ್ಲಿ ಕರಗಿದ ಸತುವೂ ಈ ಚೀಲದಲ್ಲಿ ನಿಲ್ಲುವುದಿಲ್ಲ. ಚೀಲದಿಂದ ಇಳಿದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿದೆ. ಅದು ಬೂದು ಬಣ್ಣದಲ್ಲೇ ಇತ್ತು. ಖಾಡಿ ಉಳಿಸುವ ಮಾತನ್ನು ಮಾರಾಟಗಾರರು ಕೈಬಿಡುವುದು ಒಳ್ಳೆಯದು.

ಜುಲೈನ ಜಡಿಮಳೆಗೆ ಬುಟ್ಟಿ ಸಾಲದು. ನಮ್ಮ ಅಂಗಳ ಸುಮಾರು 1200 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಸುರಿದರೆ 60,000 ಲೀಟರ್, ಅಂದರೆ ಒಂದೊಂದು ಬಾಯಿಗೆ 20,000 ಲೀಟರ್ ನೀರು. ಆಗ ಅದು ಶೋಧನೆಯಾಗದೆ ಬುಟ್ಟಿಯ ಮೇಲಂಚಿನ ಕಿಂಡಿಗಳ ಮೂಲಕ ಹರಿಯುತ್ತದೆ. ಈ ಕಿಂಡಿಗಳಿರುವುದು ವಿನ್ಯಾಸದ ವಿವೇಕವೇ ಹೊರತು ದೋಷವಲ್ಲ, ಏಕೆಂದರೆ ಅವಿಲ್ಲದಿದ್ದರೆ ಅಂಗಳವೇ ಕೆರೆಯಾಗುತ್ತದೆ.

ದೋಷವಿರುವುದು ಸೇವೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಬಂದು ಬುಟ್ಟಿ ಖಾಲಿ ಮಾಡುವುದಾಗಿ ಒಪ್ಪಿದ್ದವರು ತಿಂಗಳು ಕಳೆದರೂ ಬರಲಿಲ್ಲ. ಎಲೆಗಳಿಂದ ಕಿಂಡಿಗಳೂ ಕಟ್ಟಿಕೊಂಡು ಒಂದು ಬೆಳಿಗ್ಗೆ ಗೇಟಿನ ಬಳಿ ಕಾಲುಗಂಟಿನವರೆಗೆ ನೀರು ನಿಂತಿತು. ಕೊನೆಗೆ ಕೈಗವಸು ಹಾಕಿಕೊಂಡು ನಾನೂ ಕಾವಲುಗಾರರೂ ಸೇರಿ ಎತ್ತಿದೆವು. ಒದ್ದೆ ಬುಟ್ಟಿ ಇಬ್ಬರಿಗೂ ಭಾರವೇ. ತೆಗೆದ ಹೂಳನ್ನೂ ಎಣ್ಣೆ ಹೀರಿದ ದಿಂಬನ್ನೂ ಎಲ್ಲಿಗೆ ಒಯ್ಯುತ್ತೀರೆಂದು ಎರಡು ಸಲ ಕೇಳಿದರೂ ಸೇವೆ ಒಪ್ಪಿಕೊಂಡವರಿಂದ ಉತ್ತರ ಬರಲಿಲ್ಲ.

ಬುಟ್ಟಿಯನ್ನು ಕೊಳ್ಳಬಹುದು, ಆದರೆ ಮೇ ಮುಗಿಯುವುದರೊಳಗೆ ಹಾಕಿಸಿಕೊಂಡರೆ ಮಾತ್ರ. ವಾರ್ಷಿಕ ಒಪ್ಪಂದವನ್ನು ನಾವು ನವೀಕರಿಸುತ್ತಿಲ್ಲ. ಬುಟ್ಟಿ ಎತ್ತುವ ಕೊಕ್ಕೆಯನ್ನು ಈಗಾಗಲೇ ಮಾಡಿಸಿದ್ದೇವೆ.