ಒಂದೇ ಟ್ರಕ್ಕಿಗೆ ಮೂರು ಜೋಡಿ ಎಕ್ಸಾಸ್ಟ್: ಸಿಲ್ವರಾಡೊ ಎಸ್‌ಎಸ್ ಮೇಲೆ ನಾನು ಮಾಡಿ ನೋಡಿದ ಹೋಲಿಕೆ

ನನ್ನ ಬಳಿ ಇರುವುದು 2004ರ ಷೆವರ್ಲೆ ಸಿಲ್ವರಾಡೊ ಎಸ್‌ಎಸ್ ಎಂಬ ಪಿಕಪ್ ಟ್ರಕ್. ಎಲ್‌ಕ್ಯೂ9 ಎಂಬ 6.0 ಲೀಟರಿನ ವಿ8 ಎಂಜಿನ್, 345 ಅಶ್ವಶಕ್ತಿ, 4.10 ಅನುಪಾತದ ಆಕ್ಸೆಲ್, 20 ಅಂಗುಲದ ಚಕ್ರಗಳು, ನಾಲ್ಕೂ ಚಕ್ರಗಳಿಗೆ ಸದಾ ಬಲ ಹಂಚುವ ಏರ್ಪಾಡು ಇದರಲ್ಲಿವೆ. ಇಷ್ಟು ಕಸುವಿನ ಗಾಡಿಗೆ ಕಾರ್ಖಾನೆಯವರು ಕೊಟ್ಟದ್ದು ಮಾತ್ರ ಒಂದೇ ಮಫ್ಲರ್ ಮತ್ತು ಬಲಗಡೆ ಹಿಂಚಕ್ರದ ಆಚೆ ಹೊರಬೀಳುವ ಒಂದೇ ಕೊಳವೆ. ಅದನ್ನು ಬದಲಿಸಬೇಕೆಂಬ ಆಸೆಯಿಂದ 2013ರಿಂದ ಇಲ್ಲಿಯವರೆಗೆ ಮೂರು ಬಗೆಯ ಜೋಡಿ ಎಕ್ಸಾಸ್ಟ್‌ಗಳನ್ನು, ಅಂದರೆ ಎಂಜಿನ್ನಿನ ಹೊಗೆಯನ್ನು ಎರಡು ಕೊಳವೆಗಳಿಂದ ಹೊರಬಿಡುವ ಏರ್ಪಾಡುಗಳನ್ನು, ಇದೇ ಟ್ರಕ್ಕಿಗೆ ಹಾಕಿಸಿ, ಪ್ರತಿಯೊಂದರಲ್ಲೂ ಕನಿಷ್ಠ ಎರಡು ಚಳಿಗಾಲ ಓಡಿಸಿದ್ದೇನೆ. ನಾನಿರುವುದು ಮಿಷಿಗನ್‌ನಲ್ಲಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಈ ಹೋಲಿಕೆಯಲ್ಲಿ ಉಪ್ಪಿನ ಪಾತ್ರ ಸಣ್ಣದಲ್ಲ.

ಊರಿನಲ್ಲಿ ನಾವು ಸೈಲೆನ್ಸರ್ ಎನ್ನುವುದನ್ನೇ ಇಲ್ಲಿ ಮಫ್ಲರ್ ಎನ್ನುತ್ತಾರೆ; ಇನ್ನು ಮುಂದೆ ಅದೇ ಪದ ಬಳಸುತ್ತೇನೆ. ವಿ8 ಎಂಜಿನ್ನಿನ ಎಡಸಾಲಿನಲ್ಲಿ ನಾಲ್ಕು, ಬಲಸಾಲಿನಲ್ಲಿ ನಾಲ್ಕು ಸಿಲಿಂಡರ್‌ಗಳಿರುತ್ತವೆ. ಒಂದೊಂದು ಸಾಲಿನ ಹೊಗೆಯೂ ವಿಷಾನಿಲಗಳನ್ನು ತಗ್ಗಿಸುವ ತನ್ನದೇ ಕ್ಯಾಟಲಿಟಿಕ್ ಕನ್ವರ್ಟರ್ ಮೂಲಕ ಹಾದು, ಬಳಿಕ ಕವಲಿನ ಆಕಾರದ ಕೊಳವೆಯಲ್ಲಿ ಒಂದಾಗಿ ಮಫ್ಲರ್ ಸೇರುತ್ತದೆ. ಕನ್ವರ್ಟರನ್ನು ತೆಗೆಯುವುದು ಅಮೆರಿಕದ ಶುದ್ಧ ಗಾಳಿ ಕಾಯ್ದೆಯ ಪ್ರಕಾರ ಅಪರಾಧ, ಮತ್ತು ನನಗೆ ಆ ಆಸೆಯೂ ಇರಲಿಲ್ಲ. ಆದ್ದರಿಂದ ಮೂರು ಪ್ರಯೋಗಗಳೂ ಕನ್ವರ್ಟರಿನ ಹಿಂಭಾಗಕ್ಕೆ ಮಾತ್ರ ಸಂಬಂಧಿಸಿದವು. ಮಫ್ಲರ್‌ಗಳ ಕಂಪನಿಗಳ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ, ಏಕೆಂದರೆ ನಾನು ಕಂಡ ಗುಣದೋಷಗಳು ಆಯಾ ಬಗೆಗೆ ಮತ್ತು ಅದನ್ನು ಕೂರಿಸಿದ ರೀತಿಗೆ ಸೇರಿದವು.

ಮೊದಲನೆಯದು ಚೇಂಬರ್ ಮಾದರಿಯ ಮಫ್ಲರ್. ಇದರೊಳಗೆ ಸದ್ದು ಹೀರುವ ಹತ್ತಿಯಾಗಲಿ ನಾರಾಗಲಿ ಇರುವುದಿಲ್ಲ. ಉಕ್ಕಿನ ತಗಡಿನ ಗೋಡೆಗಳು ಮಾತ್ರ ಇರುತ್ತವೆ. ಸದ್ದಿನ ಅಲೆಗಳು ಆ ಗೋಡೆಗಳಿಗೆ ಬಡಿದು ಹಿಂದಿರುಗಿ ಒಂದನ್ನೊಂದು ಭಾಗಶಃ ಅಳಿಸುತ್ತವೆ. 3 ಅಂಗುಲದ ಒಂದು ಒಳದಾರಿ, 2.5 ಅಂಗುಲದ ಎರಡು ಹೊರದಾರಿಗಳಿದ್ದ ಮಫ್ಲರನ್ನು ಹತ್ತಿರದ ಅಂಗಡಿಯೊಂದರಲ್ಲಿ ಹಾಕಿಸಿದೆ. ಅಂದು ಸಂಜೆ ಗಾಡಿ ಚಾಲೂ ಮಾಡಿದಾಗ ಎದೆಯೊಳಗೇ ಗುಡುಗಿದಂತಾಯಿತು. ನಿಂತಲ್ಲಿ ಅದರ ದನಿ ಆಳವಾಗಿ, ತುಂಡುತುಂಡಾಗಿ ಬರುತ್ತಿತ್ತು. ಸಿಗ್ನಲ್ಲಿನಿಂದ ಹೊರಡುವಾಗಿನ ಗರ್ಜನೆಗೆ ಉಳಿದೆರಡು ಏರ್ಪಾಡುಗಳೂ ಸಮನಲ್ಲ ಎಂದು ಇಂದಿಗೂ ಹೇಳುತ್ತೇನೆ.

ಆದರೆ ಆ ಬೇಸಿಗೆಯಲ್ಲಿ ಹಾಸನದಿಂದ ಬಂದಿದ್ದ ಅಮ್ಮನನ್ನು ಕೂರಿಸಿಕೊಂಡು ಡೆಟ್ರಾಯಿಟ್ ಕಡೆಯಿಂದ ಷಿಕಾಗೋಗೆ ಹೊರಟಾಗ ಅದರ ಇನ್ನೊಂದು ಮುಖ ಕಂಡಿತು. ಹೆದ್ದಾರಿ ಸೇರಿ ಗಂಟೆಗೆ 70 ಮೈಲಿ ವೇಗದಲ್ಲಿ ನಿಂತ ಮೇಲೆ ಗರ್ಜನೆ ಹೋಗಿ, ಏರದ ಇಳಿಯದ ಒಂದೇ ಮೊರೆತ ಕ್ಯಾಬಿನ್ನಿನೊಳಗೆ ತುಂಬಿಕೊಂಡಿತು. ಅರ್ಧ ಖಾಲಿಯಾಗಿದ್ದ ನೀರಿನ ಬಾಟಲಿಯ ಮೇಲ್ಮೈಯಲ್ಲಿ ಸಣ್ಣ ಸಣ್ಣ ಉಂಗುರಗಳು ನಿಲ್ಲದೆ ಏಳುತ್ತಿದ್ದವು. ಒಳಗನ್ನಡಿಯಲ್ಲಿ ಹಿಂದಿನ ಕಾರಿನ ದೀಪಗಳು ಗೆರೆಗಳಾಗಿ ಅದುರುತ್ತಿದ್ದವು. ಒಂದು ಗಂಟೆಯ ಬಳಿಕ ಅಮ್ಮ, ‘ರಾಗಿ ಮಿಲ್ಲಿನೊಳಗೆ ಕೂತ ಹಾಗಾಗುತ್ತೆ ಕಣೋ, ತಲೆಯೆಲ್ಲ ಭಾರ’ ಎಂದರು. ಅದಕ್ಕಿಂತ ನಿಖರವಾದ ವರ್ಣನೆಯನ್ನು ನಾನು ಆಮೇಲೆ ಎಲ್ಲಿಯೂ ಕೇಳಲಿಲ್ಲ.

ಇದರ ಲೆಕ್ಕ ಸರಳವಾಗಿದೆ. ಈ ಟ್ರಕ್ಕಿನ ಗೇರು, ಆಕ್ಸೆಲ್ ಮತ್ತು ಟೈರುಗಳ ಅಳತೆಗೆ 70 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2100 ಸುತ್ತು ತಿರುಗುತ್ತದೆ. ನಾಲ್ಕು ಹೊಡೆತದ ವಿ8 ಎಂಜಿನ್ನಿನಲ್ಲಿ ಒಂದು ಸುತ್ತಿಗೆ ನಾಲ್ಕು ಸಿಲಿಂಡರ್‌ಗಳು ಉರಿಯುವುದರಿಂದ ಸೆಕೆಂಡಿಗೆ 140 ಬಡಿತಗಳಾಗುತ್ತವೆ. ಮುಚ್ಚಿದ ಕ್ಯಾಬಿನ್ನಿನೊಳಗಿನ ಗಾಳಿ ಇಂಥ ತಗ್ಗಿನ ಸದ್ದಿಗೆ ಕೂಡಲೇ ಸ್ಪಂದಿಸುತ್ತದೆ. ಚೇಂಬರ್ ಮಫ್ಲರಿನ ಪೆಟ್ಟಿಗೆ ಚಿಕ್ಕದಾಗಿದ್ದರಿಂದ ಆ ಸದ್ದನ್ನು ಅಳಿಸುವ ಅವಕಾಶ ಅದಕ್ಕೆ ಇರಲಿಲ್ಲ, ಹೀರಿಕೊಳ್ಳುವ ವಸ್ತುವಂತೂ ಒಳಗೆ ಇಲ್ಲವೇ ಇಲ್ಲ. 65 ಮೈಲಿಗೆ ಇಳಿಸಿದರೆ ಮೊರೆತ ತುಸು ತಗ್ಗುತ್ತಿತ್ತು, 75ಕ್ಕೆ ಏರಿಸಿದರೂ ತಗ್ಗುತ್ತಿತ್ತು. ಎಲ್ಲರೂ ಹೋಗುವ ವೇಗದಲ್ಲಿಯೇ ಅದು ಪೂರ್ಣವಾಗಿ ಬಂದು ಕೂರುತ್ತಿತ್ತು.

ಶಕ್ತಿಯ ವಿಷಯವನ್ನು ಇಲ್ಲಿಯೇ ಮುಗಿಸುತ್ತೇನೆ. ಮೂರರಲ್ಲಿ ಯಾವುದರಿಂದಲೂ ವೇಗ ಹೆಚ್ಚಿದ್ದು ನನ್ನ ಅನುಭವಕ್ಕೆ ಬರಲಿಲ್ಲ. ಎಂಜಿನ್ನಿಗೆ ‘ಬ್ಯಾಕ್ ಪ್ರೆಷರ್ ಬೇಕು’, ಅಂದರೆ ಹೊರಹೋಗುವ ಹೊಗೆಗೆ ಎದುರೊತ್ತಡ ಇರಬೇಕು ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ, ಅದು ಸರಿಯಲ್ಲ. ಬೇಕಾದದ್ದು ಕೊಳವೆಯೊಳಗೆ ಅನಿಲ ಹರಿಯುವ ವೇಗ. ಕೊಳವೆಯನ್ನು ಅತಿಯಾಗಿ ಅಗಲಿಸಿದರೆ ಕೆಳಗಿನ ಸುತ್ತುಗಳಲ್ಲಿ ಆ ವೇಗ ಕುಗ್ಗುತ್ತದೆ. 3 ಅಂಗುಲದ ಒಂದು ಕೊಳವೆಯ ಬಾಯಿ ಸುಮಾರು 7.1 ಚದರ ಅಂಗುಲ, 2.25 ಅಂಗುಲದ ಎರಡರದ್ದು ಸುಮಾರು 8, 2.5 ಅಂಗುಲದ ಎರಡರದ್ದು 9.8. ಸಿಲಿಂಡರ್‌ಗಳಿಂದ ಹೊಗೆ ಒಯ್ಯುವ ಹೆಡರ್ ಕೊಳವೆಗಳಾಗಲಿ, ಕವಾಟಗಳನ್ನು ತೆರೆಯುವ ಬೇರೆ ಕ್ಯಾಮ್‌ಶಾಫ್ಟ್ ಆಗಲಿ ಹಾಕದ ಎಂಜಿನ್ನಿಗೆ 2.25ರ ಜೋಡಿ ಧಾರಾಳವಾಗಿ ಸಾಕು. ಹೀಗಾಗಿ ನನ್ನ ಆಯ್ಕೆ ಉಳಿದದ್ದು ಸದ್ದು, ಬಾಳಿಕೆ ಮತ್ತು ಗಾಡಿಯ ಅಡಿಯಲ್ಲಿ ಕೂರುವ ರೀತಿ ಈ ಮೂರರ ಮೇಲೆ.

2016ರಲ್ಲಿ ಎರಡನೆಯದಕ್ಕೆ ಕೈಹಾಕಿದೆ. ಇದು ಇಲ್ಲಿಯವರು ಟ್ರೂ ಡ್ಯುಯಲ್ ಎನ್ನುವ ಅಪ್ಪಟ ಜೋಡಿ: ಎಡಸಾಲಿನ ಹೊಗೆಗೆ ಎಡಕೊಳವೆ, ಬಲಸಾಲಿನದಕ್ಕೆ ಬಲಕೊಳವೆ, ಎರಡಕ್ಕೂ ಬೇರೆ ಬೇರೆ ಮಫ್ಲರ್, ನಡುವೆ ಒತ್ತಡ ಹಂಚಿಕೊಳ್ಳಲು ಅಡ್ಡವಾಗಿ ಬೆಸೆದ ಒಂದು ಗಿಡ್ಡ ಕೊಳವೆ. ಇದರ ದನಿಯನ್ನು ಅರಿಯಬೇಕಾದರೆ ಎಂಜಿನ್ ಉರಿಯುವ ಕ್ರಮವನ್ನು ನೋಡಬೇಕು. ಎಲ್‌ಕ್ಯೂ9ರಲ್ಲಿ ಆ ಕ್ರಮ 1-8-7-2-6-5-4-3. ಬೆಸಸಂಖ್ಯೆಯವು ಎಡಸಾಲಿನಲ್ಲಿ, ಸಮಸಂಖ್ಯೆಯವು ಬಲಸಾಲಿನಲ್ಲಿವೆ. ಒಟ್ಟಾರೆ ಎಂಜಿನ್ನಿಗೆ ಬಡಿತಗಳು ಸಮನಾದ ಅಂತರದಲ್ಲಿ ಬೀಳುತ್ತವೆ, ಆದರೆ ಒಂದು ಸಾಲನ್ನು ಮಾತ್ರ ಆಲಿಸಿದರೆ ಅಂತರ ಸಮನಾಗಿಲ್ಲ: 3 ಆದ ಕೂಡಲೇ 1 ಉರಿಯುವುದರಿಂದ ಎಡಕೊಳವೆಗೆ ಬೆನ್ನುಬೆನ್ನಿಗೆ ಎರಡು ಪೆಟ್ಟು ಬೀಳುತ್ತವೆ, 2 ಮತ್ತು 6ರಿಂದ ಬಲಕೊಳವೆಗೂ ಹಾಗೆಯೇ. ಅಮೆರಿಕದ ವಿ8ಗೆ ಇರುವ ಆ ಗುಡುಗುಡು ಲಯ ಹುಟ್ಟುವುದು ಇಲ್ಲಿಂದ. ಎರಡು ಸಾಲುಗಳನ್ನು ಒಂದಾಗಿಸಿದಷ್ಟೂ ಲಯ ನಯವಾಗುತ್ತದೆ, ಬೇರೆ ಇಟ್ಟಷ್ಟೂ ಒರಟಾಗಿ ಉಳಿಯುತ್ತದೆ. ಅಪ್ಪಟ ಜೋಡಿಯ ದನಿ ನನಗೆ ಮೂರರಲ್ಲೂ ಹೆಚ್ಚು ಪ್ರಿಯ. ಚೇಂಬರಿನದು ಗರ್ಜನೆಯಾದರೆ ಇದು ತಮಟೆಯ ಹಾಗೆ: ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಹೆದ್ದಾರಿಯ ಮೊರೆತವೂ ಮೊದಲಿನದಕ್ಕಿಂತ ಕಡಿಮೆಯಿತ್ತು.

ದನಿ ಗೆದ್ದರೂ ಗಾಡಿಯ ಅಡಿಭಾಗ ಅದಕ್ಕೆ ಒಪ್ಪಲಿಲ್ಲ. ನನ್ನ ಟ್ರಕ್ಕಿನಲ್ಲಿ ಮುಂಚಕ್ರಗಳಿಗೆ ಬಲ ಒಯ್ಯುವ ದಂಡ, ಅಂದರೆ ಡ್ರೈವ್‌ಶಾಫ್ಟ್, ಇರುವುದು ಎಡಬದಿಯಲ್ಲಿ. ಪೆಟ್ರೋಲ್ ಟ್ಯಾಂಕು ಕೂಡ ಎಡಬದಿಯ ಚಾಸಿಗೆ ಒತ್ತಿಕೊಂಡಿದೆ. ಕಾರ್ಖಾನೆಯವರು ಎಡಸಾಲಿನ ಹೊಗೆಯನ್ನು ಗೇರ್‌ಬಾಕ್ಸಿನ ಕೆಳಗಿನಿಂದ ಬಲಕ್ಕೆ ದಾಟಿಸಿದ್ದು ಸುಮ್ಮನೆ ಅಲ್ಲ. ಆ ಜಾಗವನ್ನು ತಪ್ಪಿಸಿ ಎಡಕೊಳವೆಯನ್ನು ಒಯ್ಯಲು ಅಂಗಡಿಯವರು ಅದನ್ನು ನಾಲ್ಕು ಕಡೆ ಬಗ್ಗಿಸಿದರು, ಕೆಲವು ಕಡೆ ನೆಲಕ್ಕೆ ತೀರ ಹತ್ತಿರ ಇಳಿಸಿದರು. ಬಗ್ಗಿಸಿದ್ದು ಒತ್ತುವ ಯಂತ್ರದಲ್ಲಿ; ಅಂಥ ಯಂತ್ರದಲ್ಲಿ ತಿರುವಿನ ಒಳಮೈ ಚಪ್ಪಟೆಯಾಗಿ ಸುಕ್ಕುಗಟ್ಟುತ್ತದೆ. ತೆಗೆದ ಮೇಲೆ ಒಂದು ತಿರುವಿಗೆ ಅಳತೆ ಹಿಡಿದಾಗ 2.5 ಅಂಗುಲದ ಕೊಳವೆ ಅಲ್ಲಿ 2 ಅಂಗುಲಕ್ಕಿಂತ ಸ್ವಲ್ಪವೇ ಹೆಚ್ಚಿತ್ತು. ಒಳಗೆ ಅಚ್ಚು ತೂರಿಸಿ ಬಗ್ಗಿಸುವ ಮ್ಯಾಂಡ್ರೆಲ್ ವಿಧಾನದಲ್ಲಿ ದುಂಡುತನ ಹಾಗೆಯೇ ಉಳಿಯುತ್ತದೆ. ಹಣ ಹೆಚ್ಚಾದರೂ ಅದನ್ನೇ ಕೇಳಿ ಹಾಕಿಸಬೇಕು.

ಇನ್ನೊಂದು ತೊಂದರೆಯನ್ನು ನಾನು ಮೊದಲು ಊಹಿಸಿರಲಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಮಫ್ಲರ್ ಕಾಯ್ದಿದ್ದರೆ ಆ ಆವಿ ಹಾಗೆಯೇ ಹೊರಟುಹೋಗುತ್ತದೆ, ಕಾಯದಿದ್ದರೆ ಒಳಗೇ ನೀರಾಗಿ ನಿಲ್ಲುತ್ತದೆ. ಒಂದೇ ಎಂಜಿನ್ನಿನ ಬಿಸಿಯನ್ನು ಎರಡು ಮಫ್ಲರ್‌ಗಳು ಹಂಚಿಕೊಂಡರೆ ಎರಡೂ ನಿಧಾನವಾಗಿ ಕಾಯುತ್ತವೆ. ಕಚೇರಿಗೆ ನನ್ನದು ಆರು ಮೈಲಿಯ ದಾರಿ. ಜನವರಿಯ ಬೆಳಗ್ಗೆಗಳಲ್ಲಿ ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ಎರಡೂ ಕೊಳವೆಗಳ ನೇರಕ್ಕೆ ಕಂದು ಬಣ್ಣದ ಹಿಮದ ಬಿಲ್ಲೆಗಳು ಅಂಟಿರುತ್ತಿದ್ದವು. ಆ ಕಂದು ಒಳಗಿನ ತುಕ್ಕು. ಹೊರಗಿನಿಂದ ಉಪ್ಪು, ಒಳಗಿನಿಂದ ನೀರು. ಅಲ್ಯುಮಿನಿಯಂ ಲೇಪದ ಸಾದಾ ಉಕ್ಕು ಮೂರನೆಯ ಚಳಿಗಾಲಕ್ಕೆ ಬೆಸುಗೆಯ ಗೆರೆಗಳ ಮೇಲೆಯೇ ಕೊರೆದುಹೋಯಿತು, ಏಕೆಂದರೆ ಬೆಸೆಯುವಾಗ ಅಲ್ಲಿನ ಲೇಪ ಸುಟ್ಟುಹೋಗಿರುತ್ತದೆ.

2020ರಲ್ಲಿ ಹಾಕಿಸಿದ ಮೂರನೆಯದು ಇಂದಿಗೂ ಗಾಡಿಯ ಅಡಿಯಲ್ಲಿದೆ. ಕಾರ್ಖಾನೆಯ ಕವಲುಕೊಳವೆಯನ್ನು ಹಾಗೆಯೇ ಉಳಿಸಿಕೊಂಡು, ಬಲಬದಿಯಲ್ಲಿ ನೇರದಾರಿಯ ಒಂದೇ ಉದ್ದನೆಯ ಮಫ್ಲರ್, ಅದರಿಂದ 2.25 ಅಂಗುಲದ ಎರಡು ಬಾಲಕೊಳವೆಗಳು, ಎಲ್ಲವೂ ಮ್ಯಾಂಡ್ರೆಲ್ ತಿರುವಿನ ಸ್ಟೇನ್‌ಲೆಸ್ ಉಕ್ಕಿನವು. ನೇರದಾರಿಯ ಮಫ್ಲರಿನಲ್ಲಿ ಗೋಡೆಗಳಿಲ್ಲ. ತೂತುಗಳಿರುವ ಕೊಳವೆಯೊಂದು ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಸುತ್ತ ಉಕ್ಕಿನ ನಾರು ಮತ್ತು ಗಾಜಿನ ನಾರನ್ನು ತುಂಬಿರುತ್ತಾರೆ. ಎತ್ತರದ ಕರ್ಕಶ ಸದ್ದನ್ನು ಈ ನಾರು ಚೆನ್ನಾಗಿ ಹೀರುತ್ತದೆ. ತಗ್ಗಿನ ಸದ್ದಿನ ಮೇಲೆ ಅದರ ಹಿಡಿತ ಕಡಿಮೆ. ಸ್ಟೇನ್‌ಲೆಸ್‌ನಲ್ಲೂ ಎಕ್ಸಾಸ್ಟ್‌ಗೆ ಹೆಚ್ಚಾಗಿ ಸಿಗುವ ಎರಡು ದರ್ಜೆಗಳು ಮಾರುಕಟ್ಟೆಯಲ್ಲಿವೆ. 409ರಲ್ಲಿ ಕ್ರೋಮಿಯಂ ಸುಮಾರು ಶೇ. 11, 304ರಲ್ಲಿ ಸುಮಾರು ಶೇ. 18, ಜೊತೆಗೆ ನಿಕಲ್ ಸುಮಾರು ಶೇ. 8. ಅಂಗಡಿಗೆ ಹೋಗುವಾಗ ಫ್ರಿಜ್ಜಿನ ಬಾಗಿಲಿನ ಆಯಸ್ಕಾಂತವನ್ನು ಜೇಬಿನಲ್ಲಿ ಹಾಕಿಕೊಂಡು ಹೋದೆ: 409ಕ್ಕೆ ಅದು ಅಂಟುತ್ತದೆ, 304ಕ್ಕೆ ಅಂಟುವುದಿಲ್ಲ. ಕೊಳವೆಗಳನ್ನು 409ರಲ್ಲಿ, ಮಫ್ಲರನ್ನು 304ರಲ್ಲಿ ತೆಗೆದುಕೊಂಡೆ. ಕೊಳವೆಗಳ ಹೊರಮೈ ಈಗ ಕಂದಾಗಿದೆ. ಸ್ಕ್ರೂಡ್ರೈವರಿನಿಂದ ಕುಕ್ಕಿ ನೋಡಿದರೆ ಎಲ್ಲಿಯೂ ಮೆತ್ತಗಾಗಿಲ್ಲ.

ಹಾಕಿಸಿದ ಮೊದಲ ವಾರ ಹೆದ್ದಾರಿಯಲ್ಲಿ ಮೊರೆತ ಇತ್ತು. ಚೇಂಬರಿನಷ್ಟಲ್ಲ, ಆದರೂ ಇತ್ತು. ಅದಕ್ಕೆ ಮದ್ದಾಗಿ ಬಂದದ್ದು ತುದಿ ಮುಚ್ಚಿದ ಒಂದು ಪಕ್ಕಕೊಳವೆ. ಮುಖ್ಯ ಕೊಳವೆಗೆ ಬೆಸೆದ ಈ ಕುರುಡು ಕೊಳವೆಯೊಳಗೆ ಹೋದ ಅಲೆ ತುದಿಗೆ ಬಡಿದು ಹಿಂದಿರುಗುತ್ತದೆ. ಕೊಳವೆಯ ಉದ್ದ ಆ ಅಲೆಯ ಉದ್ದದ ಕಾಲು ಭಾಗದಷ್ಟಿದ್ದರೆ, ಹಿಂದಿರುಗಿದ ಅಲೆ ಎದುರಿನಿಂದ ಬರುವ ಅಲೆಗೆ ಸರಿಯಾಗಿ ತಿರುಗುಮುರುಗಾಗಿ ಬಿದ್ದು ಅದನ್ನು ಅಳಿಸುತ್ತದೆ. ಬಿಸಿ ಅನಿಲದಲ್ಲಿ ಸದ್ದಿನ ವೇಗ ಸೆಕೆಂಡಿಗೆ 400 ಮೀಟರ್ ಎಂದು ಹಿಡಿದರೆ, 140 ಬಡಿತಕ್ಕೆ ಬೇಕಾದ ಉದ್ದ ಸುಮಾರು 28 ಅಂಗುಲ. ಒಳಗಿನ ಬಿಸಿ ನಿಖರವಾಗಿ ಎಷ್ಟೆಂದು ಲೆಕ್ಕಕ್ಕೆ ಸಿಗದ ಕಾರಣ ಬೇಕೆಂದೇ ಉದ್ದವಾಗಿ, 34 ಅಂಗುಲಕ್ಕೆ ಕತ್ತರಿಸಿ, ತುದಿಗೆ ಕ್ಲಾಂಪಿನ ಮುಚ್ಚಳ ಹಾಕಿ ಓಡಿಸಿ ನೋಡಿದೆ. ಆಗ 1750 ಸುತ್ತಿನ ಸುಮಾರಿಗೆ ಗಾಡಿ ಮೌನವಾಯಿತು, 2100ರಲ್ಲಿ ಮೊರೆತ ಹಾಗೆಯೇ ಉಳಿಯಿತು. ಶನಿವಾರ ಶನಿವಾರ ಒಂದೆರಡು ಅಂಗುಲ ಕತ್ತರಿಸುತ್ತ ಬಂದು 29ಕ್ಕೆ ನಿಂತಾಗ, 70 ಮೈಲಿಯಲ್ಲಿ ನೀರಿನ ಬಾಟಲಿಯ ಉಂಗುರಗಳು ನಿಂತವು. ಅಂದೇ ಮುಚ್ಚಳವನ್ನು ಬೆಸೆದುಬಿಟ್ಟೆ. ಈ ಪ್ರಯೋಗದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಕೆಲಸ ಇದೇ, ಮತ್ತು ಖರ್ಚು ತೀರ ಕಡಿಮೆ.

ಈಗ ಒಂದರ ಪಕ್ಕ ಒಂದನ್ನಿಟ್ಟು ಹೇಳುವುದಾದರೆ, ಊರೊಳಗೆ ಮಾತ್ರ ಓಡಿಸುವವರಿಗೆ, ನಿಂತಲ್ಲಿನ ದನಿಯೇ ಮುಖ್ಯವೆನ್ನುವವರಿಗೆ ಚೇಂಬರ್ ಮಫ್ಲರ್ ಸಾಕು. ಅದು ಅಗ್ಗವೂ ಹೌದು, ಒಳಗೆ ಉರಿದುಹೋಗುವ ನಾರಿಲ್ಲದ್ದರಿಂದ ದನಿಯೂ ವರ್ಷಾನುಗಟ್ಟಲೆ ಬದಲಾಗುವುದಿಲ್ಲ. ಹಿಂಚಕ್ರಗಳಿಗೆ ಮಾತ್ರ ಬಲ ಹೋಗುವ ಟ್ರಕ್ಕಾಗಿದ್ದರೆ, ಎಡಬದಿಯಲ್ಲಿ ಡ್ರೈವ್‌ಶಾಫ್ಟಿನ ಅಡ್ಡಿ ಇಲ್ಲದ್ದರಿಂದ, ನಾನೇ ಅಪ್ಪಟ ಜೋಡಿಯನ್ನು ಸ್ಟೇನ್‌ಲೆಸ್‌ನಲ್ಲಿ ಇನ್ನೊಮ್ಮೆ ಮಾಡಿಸುತ್ತಿದ್ದೆ. ಆ ತಮಟೆಯ ಲಯ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ನಾಲ್ಕು ಚಕ್ರಗಳ ಬಲವಿರುವ ಈ ಗಾಡಿಗೆ, ವರ್ಷಕ್ಕೆ ಹಲವು ಸಲ ದೂರದ ಪ್ರಯಾಣ ಮಾಡುವ ಮನೆಗೆ, ಒಂದೇ ನೇರದಾರಿಯ ಮಫ್ಲರ್, ಎರಡು ಬಾಲ, ಒಂದು ಕುರುಡು ಕೊಳವೆ ಎಂಬ ಏರ್ಪಾಡನ್ನು ಬಿಟ್ಟು ಬೇರೆಯದನ್ನು ನಾನು ಹೇಳಲಾರೆ.

ಯಾವುದನ್ನು ಆರಿಸಿದರೂ ಬಾಲಕೊಳವೆಗಳು ಟ್ರಕ್ಕಿನ ಹಿಂಚಕ್ರಗಳ ಆಚೆಗೆ, ಮೈಯಂಚಿನ ಹೊರಗೆ ಬಾಯಿ ತೆರೆಯಬೇಕು. ಚಕ್ರದ ಮುಂದೆಯೇ ಕತ್ತರಿಸಿ ನಿಲ್ಲಿಸಿದರೆ ಹಣ ಉಳಿಯುತ್ತದೆ, ಆದರೆ ಕಾರ್ಬನ್ ಮೊನಾಕ್ಸೈಡ್ ತುಂಬಿದ ಹೊಗೆ ಕ್ಯಾಬಿನ್ನಿನ ಅಡಿಯಲ್ಲೇ ಸುಳಿದು, ತೆರೆದ ಕಿಟಕಿಯಿಂದ ಒಳಗೆ ಬರಬಹುದು. ಕೊಳವೆಗಳನ್ನು ಬೆಸೆಯುವಾಗ ಗಾಡಿ ಲಿಫ್ಟಿನ ಮೇಲೆ ಚಕ್ರಗಳನ್ನು ಇಳಿಬಿಟ್ಟುಕೊಂಡು ನಿಂತಿರುತ್ತದೆ. ಆಗ ಆಕ್ಸೆಲ್ಲಿಗೂ ಕೊಳವೆಗೂ ನಡುವೆ ಅಂಗೈ ಹಿಡಿಸುವಷ್ಟು ಜಾಗ ಕಾಣುತ್ತದೆ. ಅಪ್ಪಟ ಜೋಡಿ ಹಾಕಿಸಿದ ವರ್ಷ ತೋಟಕ್ಕೆ ಮಣ್ಣಿನ ಚೀಲಗಳನ್ನು ಹೇರಿಕೊಂಡು ಬಂದಾಗ ಹಿಂದಿನಿಂದ ಟಣ್ ಟಣ್ ಸದ್ದು ಕೇಳಿ ಅಡಿಗೆ ತೂರಿ ನೋಡಿದರೆ, ಎಡಬಾಲದ ಕೆಳಮೈಯಲ್ಲಿ ನಾಣ್ಯದಗಲ ಹೊಳೆಯುವ ಹೊಸ ಗುರುತೊಂದು ಮೂಡಿತ್ತು. ಮೂರನೆಯದನ್ನು ಬೆಸೆಯುವ ಮುನ್ನ ಎಂಟು ಚೀಲ ಮಣ್ಣನ್ನು ಹಿಂದೆ ಹೇರಿ, ಗಾಡಿಯನ್ನು ಚಕ್ರಗಳ ಮೇಲೆಯೇ ನಿಲ್ಲಿಸುವ ಲಿಫ್ಟಿಗೆ ಏರಿಸಿ ಜಾಗ ಅಳೆಯಿರೆಂದು ಅಂಗಡಿಯವರನ್ನು ಕೇಳಿಕೊಂಡೆ. ಅವರು ಹಾಗೆಯೇ ಮಾಡಿ, ಎಡಬಾಲವನ್ನು ಒಂದೂವರೆ ಅಂಗುಲ ಮೇಲಕ್ಕೆ ಎತ್ತಿ ಬೆಸೆದುಕೊಟ್ಟರು.