ಕೈಪಿಡಿಯಲ್ಲಿರುವ ಎಕೋ ಬೇರೆ, ಓಡುವ ಎಕೋ ಬೇರೆ

ಉಬುಂಟು ಸರ್ವರ್‌ನಲ್ಲಿ ಬ್ಯಾಕಪ್‌ಗೆಂದು ಸ್ವಂತ ಸ್ಕ್ರಿಪ್ಟ್ (ಆದೇಶಗಳ ಕಡತ) ಬರೆದುಕೊಂಡಿರುವವರು, ಅದರಲ್ಲಿ ಕೊಟ್ಟ ಪಠ್ಯವನ್ನು ಮುದ್ರಿಸುವ ‘ಎಕೋ’ ಆದೇಶದ ಜೊತೆ ‘-ಇ’ ಆಯ್ಕೆಯನ್ನು ಬಳಸಿದ್ದರೆ, ಇವತ್ತೇ ಒಮ್ಮೆ ತೆರೆದು ನೋಡಬೇಕೆಂದು ಕೋರುತ್ತೇನೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಕಚೇರಿಯ ನಾಲ್ಕು ತಿಂಗಳ ಲೆಕ್ಕಪತ್ರಗಳು ಅದರಿಂದಾಗಿ ಹೋದವು.

ನಕಲಾಗಬೇಕಾದ ಐದು ಫೋಲ್ಡರ್‌ಗಳ ಹೆಸರನ್ನು, ನಡುವೆ ‘\ಎನ್’ ಹಾಕಿ, ಎಕೋ ಮೂಲಕ ಸಾಲಿಗೊಂದರಂತೆ ಕಡತಕ್ಕೆ ಬರೆಯುವುದು, ಆ ಪಟ್ಟಿಯನ್ನು ‘ಫೈಲ್ಸ್-ಫ್ರಮ್’ ಆಯ್ಕೆಯಲ್ಲಿ, ಕಡತಗಳನ್ನು ನಕಲಿಸುವ ತಂತ್ರಾಂಶವಾದ ಆರ್‌ಸಿಂಕ್‌ಗೆ ಕೊಡುವುದು, ಇಷ್ಟೇ ಸ್ಕ್ರಿಪ್ಟಿನ ಕೆಲಸ. ಕೈಪಿಡಿ ಓದದೆ ಬರೆದದ್ದಲ್ಲ. ಹೀಗೆ ಪಟ್ಟಿ ಕೊಟ್ಟಾಗ ‘-ಎ’ ಇದ್ದರೂ ಫೋಲ್ಡರಿನ ಒಳಗಿನದು ನಕಲಾಗುವುದಿಲ್ಲ, ‘-ಆರ್’ ಅನ್ನು ಬೇರೆಯಾಗಿ ಬರೆಯಬೇಕು ಎಂಬ ಸೂಕ್ಷ್ಮವನ್ನೂ ಗಮನಿಸಿ ಸೇರಿಸಿದ್ದೆ. ‘-ಇ’ ಕೊಟ್ಟರೆ ‘\ಎನ್’ ಹೊಸ ಸಾಲಾಗುತ್ತದೆ ಎಂಬುದನ್ನು ಎಕೋದ ಮ್ಯಾನ್ ಪುಟದಲ್ಲೇ, ಅಂದರೆ ಅದರ ಕೈಪಿಡಿಯಲ್ಲೇ, ಓದಿದ್ದೆ. ಸಾಲುಗಳನ್ನು ಟರ್ಮಿನಲ್‌ಗೆ ಅಂಟಿಸಿ ಓಡಿಸಿದಾಗ ಐದೂ ಫೋಲ್ಡರ್‌ಗಳು ಬಂದವು. ಉಳಿದದ್ದನ್ನು, ನಿಗದಿತ ವೇಳೆಗೆ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್‌ಗೆ ಒಪ್ಪಿಸಿ ನಿಶ್ಚಿಂತನಾದೆ.

ಟರ್ಮಿನಲ್‌ನಲ್ಲಿ ಓಡಿದ್ದು ಬ್ಯಾಷ್ ಎಂಬ ಶೆಲ್‌ನ (ಆದೇಶಗಳನ್ನು ಓದಿ ಓಡಿಸುವ ತಂತ್ರಾಂಶ) ಒಳಗೇ ಇರುವ ಎಕೋ. ಯಾವ ಶೆಲ್ ಓಡಿಸಬೇಕೆಂದು ಹೇಳುವ, ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿದ್ದುದು ‘/ಬಿನ್/ಎಸ್‌ಎಚ್’. ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದಲೂ ಆ ಹೆಸರಿನ ಹಿಂದಿರುವುದು ಡ್ಯಾಷ್ ಎಂಬ ಇನ್ನೊಂದು ಶೆಲ್. ಡ್ಯಾಷ್‌ನ ಎಕೋಗೆ ‘-ಎನ್’ ಎಂಬ ಆಯ್ಕೆ ಗೊತ್ತು, ‘-ಇ’ ಗೊತ್ತಿಲ್ಲ. ಅದನ್ನೂ ಪಠ್ಯವೆಂದೇ ತಿಳಿದು ಮುದ್ರಿಸುತ್ತದೆ. ಆದರೆ ‘\ಎನ್’ ಅನ್ನು ಯಾವ ಆಯ್ಕೆಯನ್ನೂ ಕೇಳದೆ ಹೊಸ ಸಾಲಾಗಿಸುತ್ತದೆ. ಹಾಗಾಗಿ ಎರಡರಿಂದ ಐದನೆಯವರೆಗಿನ ಸಾಲುಗಳು ಸರಿಯಾಗಿಯೇ ಇದ್ದು, ಮೊದಲನೆಯದು ಮಾತ್ರ ‘-ಇ ಅಕೌಂಟ್ಸ್’ ಎಂದಾಗಿತ್ತು. ಪೂರ್ತಿ ಕೆಟ್ಟಿದ್ದರೆ ಮರುದಿನವೇ ತಿಳಿಯುತ್ತಿತ್ತು. ನಾನು ಓದಿದ ಪುಟವಾದರೋ ಇವೆರಡನ್ನೂ ಬಿಟ್ಟು, ‘/ಬಿನ್’ನಲ್ಲಿರುವ ಮೂರನೆಯ ಎಕೋವನ್ನು ವಿವರಿಸುತ್ತದೆ. ಶೆಲ್‌ಗೆ ತನ್ನದೇ ಎಕೋ ಇರಬಹುದೆಂಬ ಸೂಚನೆಯೂ ಅಲ್ಲಿದೆ, ಆದರೆ ಆಯ್ಕೆಗಳೆಲ್ಲ ಮುಗಿದ ಮೇಲೆ. ಬೇಕಾದದ್ದು ಸಿಕ್ಕ ಬಳಿಕ ಅಲ್ಲಿಯವರೆಗೆ ಓದುವವರು ಎಷ್ಟು ಮಂದಿಯೋ.

ಆರ್‌ಸಿಂಕ್ ಸುಮ್ಮನಿರಲಿಲ್ಲ. ಅಂಥ ಕಡತವಿಲ್ಲವೆಂದು ಪ್ರತಿ ರಾತ್ರಿ ದೂರಿ, ಉಳಿದ ನಾಲ್ಕನ್ನು ನಕಲಿಸಿ, 23ನೆಯ ದೋಷಸಂಖ್ಯೆಯೊಂದಿಗೆ ಮುಗಿಯುತ್ತಿತ್ತು. ಕ್ರಾನ್ ಆ ದೂರನ್ನು ಮೇಲ್ ಮಾಡಬೇಕಿತ್ತು. ಸರ್ವರ್‌ನಲ್ಲಿ ಮೇಲ್ ಕಳಿಸುವ ತಂತ್ರಾಂಶವೇ ಇಲ್ಲದ್ದರಿಂದ, ಔಟ್‌ಪುಟ್ ಬಿಸಾಡಿದ್ದೇನೆ ಎಂಬ ಒಂದು ಸಾಲನ್ನು ಲಾಗ್‌ನಲ್ಲಿ ಬರೆದು ತನ್ನ ಕರ್ತವ್ಯ ಮುಗಿಸುತ್ತಿತ್ತು. ಬ್ಯಾಕಪ್ ಡಿಸ್ಕಿನಲ್ಲಿ ಅಕೌಂಟ್ಸ್ ಫೋಲ್ಡರ್ ಕಣ್ಣಿಗೆ ಕಾಣುತ್ತಲೇ ಇದ್ದುದರಿಂದ ನನಗೆ ಅನುಮಾನ ಬರಲಿಲ್ಲ. ಸರ್ವರ್‌ನ ಡಿಸ್ಕ್ ಕೈಕೊಟ್ಟ ದಿನ ಅದನ್ನು ತೆರೆದಾಗ, ಒಳಗಿದ್ದದ್ದು ನಾನು ಟರ್ಮಿನಲ್‌ನಲ್ಲಿ ಪರೀಕ್ಷಿಸಿದ ದಿನದ ನಕಲು.

ಈಗ ಎಕೋ ಬದಲು ‘ಪ್ರಿಂಟ್‌ಎಫ್’ ಬಳಸುತ್ತಿದ್ದೇನೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗಿರುವ ಪಾಸಿಕ್ಸ್ ಮಾನದಂಡ ಶಿಫಾರಸು ಮಾಡುವುದೂ ಅದನ್ನೇ. ‘ಟೈಪ್ -ಎ ಎಕೋ’ ಎಂದು ಕೇಳಿದರೆ ಯಾವ ಎಕೋ ಮೊದಲು ಓಡುತ್ತದೆಂದು ಬ್ಯಾಷ್ ತಿಳಿಸುತ್ತದೆ. ಡ್ಯಾಷ್‌ನ ಎಕೋ ಬಗ್ಗೆ ಡ್ಯಾಷ್‌ನ ಮ್ಯಾನ್ ಪುಟದಲ್ಲೇ ಓದಬೇಕು. ಪರೀಕ್ಷಿಸುವಾಗ ಸಾಲುಗಳನ್ನು ಟರ್ಮಿನಲ್‌ಗೆ ಅಂಟಿಸಬೇಡಿ; ಕ್ರಾನ್ ಓಡಿಸುವ ಕಡತವನ್ನೇ ಓಡಿಸಿ, ಸಿದ್ಧವಾದ ಪಟ್ಟಿಯ ಮೊದಲ ಸಾಲನ್ನು ತೆರೆದು ಓದಿ.