ಮುತ್ತಜ್ಜಿಯ ಸೀರೆಗೆ ಲಂಡನ್ನಿನ ದಾಖಲೆ: ವಿ ಅಂಡ್ ಎ ಮ್ಯೂಸಿಯಂ ಜಾಲತಾಣದ ವಿಮರ್ಶೆ

ನಮ್ಮ ಹಿರಿಯರು ಏನು ಉಡುತ್ತಿದ್ದರು ಎಂದು ಹುಡುಕಲು ಹೊರಟವರಿಗೆ ಮನೆಯ ಟ್ರಂಕಿನಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಹಳೆಯ ನೂಲಿನ ಸೀರೆ ಕೌದಿಯಾಗಿ, ಕೂಸಿನ ಜೋಲಿಯಾಗಿ, ಕೊನೆಗೆ ನೆಲ ಒರೆಸುವ ಅರಿವೆಯಾಗಿ ಮುಗಿದುಹೋಗುತ್ತಿತ್ತು. ಜರಿಯ ಸೀರೆಯಾದರೆ ಸುಟ್ಟು ಬೆಳ್ಳಿ ತೆಗೆಯುತ್ತಿದ್ದರು. ಆದ್ದರಿಂದ ನೂರೈವತ್ತು ವರ್ಷಗಳ ಹಿಂದಿನ ಬಟ್ಟೆಯನ್ನು ಕಣ್ಣಾರೆ ಕಾಣಬೇಕೆನ್ನುವವರು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ (ವಿ ಅಂಡ್ ಎ) ಮ್ಯೂಸಿಯಂನ ಸಂಗ್ರಹವನ್ನು ಜಾಲತಾಣದಲ್ಲಿ ನೋಡುವುದು ಒಳ್ಳೆಯದು. ಹತ್ತು ಲಕ್ಷಕ್ಕೂ ಮಿಕ್ಕಿದ ವಸ್ತುಗಳ ವಿವರ ಅಲ್ಲಿದೆ. ನೋಡಲು ಹಣ ಕೊಡಬೇಕಾಗಿಲ್ಲ, ಖಾಸಗಿ ಅಧ್ಯಯನಕ್ಕೆ ಚಿತ್ರಗಳನ್ನು ಇಳಿಸಿಕೊಳ್ಳಲೂ ಅಡ್ಡಿಯಿಲ್ಲ.

ನಮ್ಮ ಬಟ್ಟೆಗಳು ಅಲ್ಲಿಗೆ ಹೋದ ಬಗೆ ತಿಳಿದಿದ್ದರೆ ಹುಡುಕಾಟಕ್ಕೆ ದಿಕ್ಕು ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ ಇಂಡಿಯಾ ಮ್ಯೂಸಿಯಂ 1879ರಲ್ಲಿ ಮುಚ್ಚಿದಾಗ ಅಲ್ಲಿನ ಜವಳಿಯಲ್ಲಿ ಬಹುಪಾಲು ಈ ಮ್ಯೂಸಿಯಂಗೆ ಬಂತು. ಅದಕ್ಕೂ ಮೊದಲು, 1866ರಲ್ಲಿ, ಇಂಡಿಯಾ ಮ್ಯೂಸಿಯಂನ ಹೊಣೆ ಹೊತ್ತಿದ್ದ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ 700 ಬಟ್ಟೆಗಳ ತುಣುಕುಗಳನ್ನು ಕತ್ತರಿಸಿ ಅಂಟಿಸಿ, 18 ಸಂಪುಟಗಳ 20 ಕಟ್ಟುಗಳನ್ನು ಸಿದ್ಧಪಡಿಸಿದ. ಅವುಗಳಲ್ಲಿ 13 ಬ್ರಿಟನ್ನಿನಲ್ಲಿ ಉಳಿದವು, 7 ಭಾರತಕ್ಕೆ ಬಂದವು. ಇಲ್ಲಿನ ಜನಕ್ಕೆ ಒಪ್ಪುವ ಬಟ್ಟೆಯನ್ನು ಅಲ್ಲಿನ ಗಿರಣಿಗಳು ನೇಯಲು ಕಲಿಯಲಿ ಎಂಬುದೇ ಈ ಶ್ರಮದ ಹಿಂದಿನ ಲೆಕ್ಕಾಚಾರ. ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆಯಲು ನೆರವಾದ ಆ ಕಡತದಲ್ಲಿ ಉದ್ದ, ಅಗಲ, ತೂಕ, ಊರು, ಬೆಲೆ ಎಲ್ಲವೂ ವ್ಯಾಪಾರಿಯ ಶಿಸ್ತಿನಿಂದ ದಾಖಲಾಗಿವೆ ಎಂಬುದು ಇಂದಿನ ಸಂಶೋಧಕರ ಪಾಲಿನ ಲಾಭ. ಅದರ ವಿವರಣಾ ಗ್ರಂಥ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಜಾಲತಾಣದ ಜೊತೆಗೆ ಅದನ್ನೂ ತೆರೆದಿಟ್ಟುಕೊಳ್ಳುವುದು ಮೇಲು.

ಹುಡುಕುವಾಗ ಕರ್ನಾಟಕ ಎಂಬ ಹೆಸರೊಂದನ್ನೇ ನಂಬಿ ಕುಳಿತರೆ ಫಲವಿಲ್ಲ. ಆ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಯಪುರಗಳು ಬೊಂಬಾಯಿ ಪ್ರಾಂತದಲ್ಲಿದ್ದವು. ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸಿಗೆ ಸೇರಿದ್ದವು. ಕಲಬುರಗಿ, ಬೀದರ, ರಾಯಚೂರು ನಿಜಾಮರ ಕೈಯಲ್ಲಿದ್ದವು. ಮೈಸೂರು, ಕೊಡಗುಗಳದು ಬೇರೆಯದೇ ಆಡಳಿತ. ಉತ್ತರ ಕನ್ನಡವಂತೂ 1862ರಲ್ಲಿ ಮದರಾಸಿನಿಂದ ಬೊಂಬಾಯಿಗೆ ವರ್ಗವಾಯಿತು. ಪೂರ್ವಜರ ಊರು ಯಾವ ಸೀಮೆಯಲ್ಲಿತ್ತು ಎಂದು ಮೊದಲು ಗೊತ್ತುಮಾಡಿಕೊಂಡು, ಬ್ರಿಟಿಷರ ಕಾಲದ ಕಾಗುಣಿತದಲ್ಲಿ ಹುಡುಕಿ, ಆಮೇಲೆ ಕಾಲ, ವಸ್ತು, ನೇಯ್ಗೆಯ ಬಗೆ ಎಂಬ ಸೋಸುಗಳನ್ನು (ಫಿಲ್ಟರ್) ಬಳಸಿದರೆ ಕೆಲಸ ಬೇಗ ಸಾಗುತ್ತದೆ.

ಈ ಜಾಲತಾಣದ ನಿಜವಾದ ಬಲ ಚಿತ್ರವನ್ನು ಹಿಗ್ಗಿಸಿ ನೋಡುವ ಅನುಕೂಲದಲ್ಲಿದೆ. ಇಳಕಲ್ ಬಗೆಯ ಸೀರೆಯನ್ನು ಗುರುತಿಸುವುದು ಹೇಗೆ ಎಂಬುದನ್ನೇ ನೋಡೋಣ. ಅದರ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ನೂಲಿನದು; ಸೆರಗಿನ ಹಾಸು ಕೆಂಪು ರೇಷ್ಮೆಯದು. ಎರಡನ್ನೂ ಎಳೆಯೆಳೆಯಾಗಿ ಕೊಂಡಿ ಹಾಕಿ ಸೇರಿಸಿರುತ್ತಾರೆ. ಸೆರಗು ಶುರುವಾಗುವ ಗೆರೆಯ ಬಳಿ ಚಿತ್ರವನ್ನು ಹಿಗ್ಗಿಸಿದಾಗ ಉದ್ದನೆಯ ಎಳೆಗಳ ಬಣ್ಣ ಒಂದೇ ಸಾಲಿನಲ್ಲಿ ಬದಲಾಗಿದ್ದರೆ ಅದು ಕೊಂಡಿಯ ಗುರುತು. ಅದರಾಚೆ ಬಾಚಣಿಗೆಯ ಹಲ್ಲಿನಂತೆ ಕೆಂಪು ಬಿಳಿ ಒಂದರೊಳಗೊಂದು ಚಾಚಿಕೊಂಡ ತೆನೆಯ ವಿನ್ಯಾಸ ಇದ್ದರೆ ಸಂಶಯಕ್ಕೆ ಎಡೆಯೇ ಉಳಿಯುವುದಿಲ್ಲ. ಕಸೂತಿಯ ವಿಷಯದಲ್ಲಿ ಮಾತ್ರ ಚಿತ್ರ ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಗವಂತಿ, ಮುರಗಿ ಹೊಲಿಗೆಗಳು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣುವಂಥವು. ಒಂದೇ ಮಗ್ಗುಲಿನ ಚಿತ್ರ ಇಟ್ಟುಕೊಂಡು ಕೈಚಳಕವನ್ನು ಅಳೆಯುವುದು ಸಾಧ್ಯವಿಲ್ಲ.

ಮನೆಯ ಹಳೆಯ ಫೋಟೋಗಳನ್ನು ಅರ್ಥಮಾಡಿಕೊಳ್ಳುವುದಕ್ಕೆ ಈ ಸಂಗ್ರಹ ಇನ್ನೂ ಹೆಚ್ಚಾಗಿ ನೆರವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಫೋಟೋ ಫಲಕಗಳಿಗೆ ಕೆಂಪು ಬಣ್ಣ ಸರಿಯಾಗಿ ತಾಗುತ್ತಿರಲಿಲ್ಲ. ಕೆಂಪು ಕಪ್ಪಾಗಿಯೂ ನೀಲಿ ತೆಳುವಾಗಿಯೂ ಮೂಡುತ್ತಿತ್ತು. ಫೋಟೋದಲ್ಲಿ ಕಪ್ಪು ಸೆರಗು ಹೊದ್ದಂತೆ ಕಾಣುವ ಮುತ್ತಜ್ಜಿ ಕಡುಗೆಂಪು ಸೆರಗನ್ನೇ ಹೊದ್ದಿರಬಹುದು, ಬಿಳಿಚಿದ ಒಡಲು ನೀಲಿಯ ಒಡಲಾಗಿದ್ದಿರಬಹುದು. ಅದೇ ಸೀಮೆಯ, ಅದೇ ಕಾಲದ ಬಟ್ಟೆಯನ್ನು ಬಣ್ಣದಲ್ಲಿ ಪಕ್ಕಕ್ಕಿಟ್ಟು ನೋಡಿದರೆ ಊಹೆಗೆ ಆಧಾರ ಸಿಗುತ್ತದೆ. ಬಣ್ಣದ ಇತಿಹಾಸವನ್ನೂ ಇದಕ್ಕೆ ಜೋಡಿಸಿಕೊಳ್ಳಬಹುದು: ಕೃತಕ ನೇರಳೆ 1856ರಲ್ಲಿ ಹುಟ್ಟಿತು, ಬೇರಿನಿಂದ ತೆಗೆಯುತ್ತಿದ್ದ ಕೆಂಪಿಗೆ ಪರ್ಯಾಯವಾದ ಕೃತಕ ಅಲಿಝರಿನ್ 1869ರ ನಂತರ ಮಾರುಕಟ್ಟೆಗೆ ಬಂತು, ಕೃತಕ ನೀಲಿಯ ಮಾರಾಟ ಶುರುವಾದದ್ದು 1897ರಲ್ಲಿ.

ಇಷ್ಟಾದರೂ ಇದನ್ನು ಉಡುಪಿನ ಚರಿತ್ರೆ ಎಂದು ಒಪ್ಪಲು ನಾನು ಸಿದ್ಧನಿಲ್ಲ. ಇದು ಬಟ್ಟೆಯ ಚರಿತ್ರೆ. ಮಡಿಕೆ ಬಿಡಿಸಿ ಹಾಸಿದ ಸೀರೆ ಕಚ್ಚೆ ಹಾಕಿ ಉಟ್ಟದ್ದೋ, ಕೊಡಗಿನವರಂತೆ ನಿರಿಗೆಯನ್ನು ಹಿಂದಕ್ಕೆ ಸಿಕ್ಕಿಸಿ ಉಟ್ಟದ್ದೋ ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ. ಇದಕ್ಕೆ ಅದೇ ಸಂಗ್ರಹದಲ್ಲಿರುವ, ಬ್ರಿಟಿಷರಿಗಾಗಿ ಇಲ್ಲಿನ ಕಲಾವಿದರು ಬರೆದ ಕಂಪನಿ ಶೈಲಿಯ ಚಿತ್ರಗಳನ್ನು ನೋಡಬೇಕು; ಬೇರೆ ಬೇರೆ ಕಸುಬಿನ ಗಂಡ ಹೆಂಡಿರನ್ನು ಜೋಡಿಯಾಗಿ ನಿಲ್ಲಿಸಿ ಬರೆದ ಅವುಗಳಲ್ಲಿ ರುಮಾಲಿನ ಸುತ್ತು, ಸೆರಗಿನ ದಿಕ್ಕು ಸ್ಪಷ್ಟವಾಗಿರುತ್ತವೆ. ಕೊಂಡು ಒಯ್ದವರ ಕಣ್ಣು ನಯವಾದದ್ದರ ಮೇಲೆ, ಮಾರಾಟವಾಗುವಂಥದ್ದರ ಮೇಲೆ ಇದ್ದುದರಿಂದ, ಹೊಲದಲ್ಲಿ ದುಡಿದವರ ಒರಟು ಪಂಚೆ, ಕುರಿ ಕಾಯುವವರ ಕಂಬಳಿ ಇಂಥ ಸಂಗ್ರಹಗಳಲ್ಲಿ ಅಪರೂಪ. ನಮ್ಮಲ್ಲಿ ಬಹುಪಾಲು ಜನರ ಪೂರ್ವಜರು ಅಂಥವರೇ ಎಂಬುದನ್ನು ಮರೆಯಬಾರದು.

ಇನ್ನೂ ಹಿಂದಿನ ಕಾಲ ಬೇಕೆನ್ನುವವರಿಗೆ ಈ ಜಾಲತಾಣ ಸಾಲದು. ವಿಜಯನಗರದ ಕಾಲದ ಉಡುಗೆಗೆ ಲೇಪಾಕ್ಷಿ ದೇವಾಲಯದ ಚಾವಣಿಯ ಚಿತ್ರಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಕುಲಾವಿ ಎಂಬ ಎತ್ತರದ ಟೋಪಿ, ಕಬಾಯಿ ಎಂಬ ಉದ್ದನೆಯ ಅಂಗಿ, ಹೆಂಗಸರ ಸೀರೆಯ ಪಟ್ಟೆಗಳು ಅಲ್ಲಿ ಬಣ್ಣಸಮೇತ ಉಳಿದಿವೆ.

ಲಂಡನ್ನಿನಲ್ಲಿರುವ ಕನ್ನಡಿಗರು ಪರದೆಗೇ ತೃಪ್ತರಾಗಬೇಕಾಗಿಲ್ಲ. 2025ರ ಮೇ ತಿಂಗಳ ಕೊನೆಯಲ್ಲಿ ತೆರೆದ, ಇದೇ ಮ್ಯೂಸಿಯಂನ ಸಂಗ್ರಹಾಗಾರವಾದ ವಿ ಅಂಡ್ ಎ ಈಸ್ಟ್ ಸ್ಟೋರ್‌ಹೌಸ್‌ನಲ್ಲಿ ಒಂದು ಸಲಕ್ಕೆ ಐದು ವಸ್ತುಗಳವರೆಗೆ ಉಚಿತವಾಗಿ ತರಿಸಿಕೊಂಡು ನೋಡಬಹುದು. ಎರಡು ವಾರ ಮುಂಚಿತವಾಗಿ ಕಾಯ್ದಿರಿಸಬೇಕು. ವಸ್ತುವಿನ ದಾಖಲೆ ಸಂಖ್ಯೆಯನ್ನು ಜಾಲತಾಣದಿಂದಲೇ ಬರೆದಿಟ್ಟುಕೊಂಡು, ಕಸೂತಿಯಿದ್ದರೆ ಹಿಂಬದಿಯನ್ನೂ ನೋಡಬೇಕೆಂದು ಮೊದಲೇ ತಿಳಿಸಿ ಹೋಗುವುದು ಒಳಿತು.